ಆರಲಿ ಎನ್ನುತ್ತಿದ್ದಳು ಅಕ್ಕ

ಚಾಮರಾಜಪೇಟೆಯ ನಮ್ಮ ವಠಾರದಲ್ಲಿ ಬೆಳಗಿನ ಬಿಸಿಲು ಮೊದಲು ನಲ್ಲಿಕಟ್ಟೆಗೆ ಬರುತ್ತಿತ್ತು, ಆಮೇಲೆ ಬಟ್ಟೆಯ ತಂತಿಗೆ, ಕೊನೆಗೆ ನಮ್ಮ ಮನೆಯ ಜಗಲಿಗೆ. ಜಗಲಿಗೆ ಬಂದಿತೋ ಇಲ್ಲವೋ, ಅಕ್ಕ ಸ್ಟೂಲು ಎಳೆದು, ಬಲಗಾಲನ್ನು ಅದರ ಮೇಲಿಟ್ಟು, ಪಟ್ಟಿ ಬಿಚ್ಚಿ, ಅಂಗಾಲಿನ ಗಾಯವನ್ನು ಸೂರ್ಯನಿಗೆ ತೋರಿಸಿಕೊಂಡು ಕೂರುತ್ತಿದ್ದಳು. ಹಪ್ಪಳ ಹರವಿ ಕಾಗೆ ಕಾಯುವವರ ನೆಮ್ಮದಿ ಅವಳ ಮುಖದಲ್ಲಿ. ಏನು ಮಾಡುತ್ತಿದ್ದೀಯೆ ಎಂದು ಕೇಳಿದರೆ ಒಂದೇ ಮಾತು. "ಆರಲಿ ಬಿಡೇ."

ನನಗೆ ಮೈಯೆಲ್ಲ ಉರಿಯುತ್ತಿತ್ತು. ಉರಿಯುವುದಕ್ಕೆ ಕಾರಣವೂ ಇತ್ತು. ಆ ವರ್ಷಗಳಲ್ಲಿ, ಅಂದರೆ ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ, ನಾನು ಮಲ್ಲೇಶ್ವರದ ಕಡೆಯ ಒಂದು ಪ್ರಯೋಗಾಲಯದಲ್ಲಿ ಡಾಕ್ಟರೇಟಿಗಾಗಿ ದುಡಿಯುತ್ತಿದ್ದೆ. ಅಲ್ಲಿ ನನ್ನ ಕೆಲಸವೇ ಗಾಯವನ್ನು ಒಣಗಗೊಡದೆ ಒದ್ದೆಯಾಗಿ ಇಡಬಲ್ಲ ಒಂದು ವಸ್ತುವನ್ನು ತಯಾರಿಸುವುದು. ದಿನವಿಡೀ ಆ ಒದ್ದೆಯ ಬೆನ್ನು ಹತ್ತಿ, ಮಾರ್ಕೆಟ್ಟಿನ ಬಸ್ಸಿನಲ್ಲಿ ಜೋತುಬಿದ್ದು ಮನೆಗೆ ಬಂದರೆ, ಇಲ್ಲಿ ನನ್ನ ಸ್ವಂತ ಅಕ್ಕ ಗಾಯಕ್ಕೆ ಬಿಸಿಲು ಕಾಯಿಸಿ ಮುಗಿಸಿರುತ್ತಿದ್ದಳು.

ಅಕ್ಕ ನನಗಿಂತ ಬಹಳ ದೊಡ್ಡವಳು. ಅಪ್ಪ ಅಮ್ಮ ಒಬ್ಬರ ಹಿಂದೆ ಒಬ್ಬರು ಹೋದಾಗ ನಾನಿನ್ನೂ ಲಂಗ ಹಾಕುವ ಹುಡುಗಿ, ಅವಳು ಆಗಲೇ ನಡೆದು ಹೋಗುವಷ್ಟು ದೂರದ ಒಂದು ಮಿಡ್ಲ್ ಸ್ಕೂಲಿನಲ್ಲಿ ಕನ್ನಡದ ಮೇಡಂ. ಮದುವೆಯ ಮಾತು ಬಂದಾಗಲೆಲ್ಲ "ಇವಳದ್ದೊಂದು ದಡ ಸೇರಲಿ" ಅನ್ನುತ್ತಿದ್ದಳು. ನನ್ನದೂ ದಡ ಸೇರಲಿಲ್ಲ, ಅವಳದೂ ಸೇರಲಿಲ್ಲ, ಇಬ್ಬರೂ ಒಂದೇ ದೋಣಿಯಲ್ಲಿ ಕೂತು ಹುಳಿ ಅನ್ನ ತಿಂದುಕೊಂಡು ಆರಾಮಾಗಿದ್ದೆವು. ಮೂವತ್ತು ದಾಟುವ ಹೊತ್ತಿಗೆ ಅವಳಿಗೆ ಸಕ್ಕರೆ ಕಾಯಿಲೆ ಬಂತು. ಬೆಳಗ್ಗೆ ಮೆಂತ್ಯದ ನೀರು ಕುಡಿಯುವಳು, ಯುಗಾದಿಗೆ ಒಬ್ಬಟ್ಟನ್ನೂ ಬಿಡಳು. "ಮೆಂತ್ಯ ಅದನ್ನ ನೋಡ್ಕೊಳ್ಳುತ್ತೆ" ಎಂದು ನನ್ನ ಬಾಯಿ ಮುಚ್ಚಿಸುವಳು.

ಸಕ್ಕರೆ ಅವಳ ಪಾದಗಳ ಸ್ಪರ್ಶವನ್ನು ಯಾವಾಗ ತಿಂದುಹಾಕಿತ್ತೋ ನಮಗೆ ತಿಳಿಯಲಿಲ್ಲ. ಚಪ್ಪಲಿಗೆ ಹೊಸ ಅಟ್ಟೆ ಹಾಕಿಸಿದ್ದಳು, ಅದರ ಒಂದು ಮೊಳೆ ಮೇಲೆದ್ದಿತ್ತು. ಅದು ಅಂಗಾಲಿಗೆ ಚುಚ್ಚುತ್ತಲೇ ಇದ್ದರೂ ಅವಳು ಆ ಚಪ್ಪಲಿಯಲ್ಲೇ ಸ್ಕೂಲಿಗೆ ಹೋಗಿ ಬಂದು ಮಾಡುತ್ತಿದ್ದಳು. ಮನೆಯಲ್ಲಿ ಬರಿಗಾಲು. ನಮ್ಮ ನೆಲ ಹಳೆಯ ಕಾಲದ ರೆಡ್ ಆಕ್ಸೈಡಿನ ಕೆಂಪು ನೆಲ, ಅಕ್ಕ ವಾರಕ್ಕೊಮ್ಮೆ ತೆಂಗಿನೆಣ್ಣೆ ಹಚ್ಚಿ ಒರೆಸಿ ಫಳಫಳ ಅನ್ನಿಸುತ್ತಿದ್ದ ನೆಲ. ಅದರ ಮೇಲೆ ರಕ್ತ ಬಿದ್ದರೆ ಕಾಣುವುದಿಲ್ಲ. ಕಂಡದ್ದು ಸ್ಕೂಲಿನಲ್ಲಿ, ಬೂದು ಸಿಮೆಂಟಿನ ಮೇಲೆ. ಶಾರದಾ ಪೂಜೆಯ ದಿನ ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟಿದ್ದರು. ಮಂಗಳಾರತಿ ತಟ್ಟೆ ಹಿಡಿದು ಅವಳು ಸಾಲಿನುದ್ದಕ್ಕೂ ನಡೆದು ಹೋದ ಮೇಲೆ ಒಂದು ಮಗು ಹೇಳಿತಂತೆ, "ಮಿಸ್, ನೀವು ಕುಂಕುಮ ತುಳಿದಿದೀರಾ."

ನಮ್ಮ ಬೀದಿಯ ಡಾಕ್ಟರು ಗಾಯ ತೊಳೆದು, ಪುಡಿ ಉದುರಿಸಿ, "ಏನಿಲ್ಲಮ್ಮ, ಆರುತ್ತೆ. ನೀರು ಸೋಕಿಸ್ಬೇಡಿ" ಎಂದರು. ಅಲ್ಲಿಂದ ಶುರುವಾಯಿತು.

ಆರುವುದು. ಎಷ್ಟು ಚಿಕ್ಕ ಮಾತು, ನೋಡಿ. ಗಾಯ ವಾಸಿಯಾಗುವುದಕ್ಕೆ ಮಾಯುವುದು ಎಂಬ ಇನ್ನೊಂದು ಮಾತೂ ನಮ್ಮಲ್ಲಿದೆ. ಆದರೆ ನಮ್ಮ ಮನೆಯಲ್ಲಿ, ವಠಾರದಲ್ಲಿ, ಡಾಕ್ಟರ ಬಾಯಲ್ಲಿ ಗಾಯ ಆರುತ್ತಿತ್ತು. ಒದ್ದೆ ಬಟ್ಟೆಯೂ ಆರುತ್ತಿತ್ತು. ಬಿಸಿ ಅನ್ನವೂ ಆರುತ್ತಿತ್ತು. ದೀಪವೂ ಆರುತ್ತಿತ್ತು, ಆದರೆ ಅದನ್ನು ಹಾಗೆ ಹೇಳಬಾರದು, ಶಾಂತವಾಯಿತು ಅನ್ನಬೇಕು. ಅಕ್ಕ ಪ್ರತಿವರ್ಷ ಏಳನೆಯ ಕ್ಲಾಸಿಗೆ ಇದನ್ನೇ ಒಂದು ಆಟ ಮಾಡಿ ಹೇಳಿಕೊಡುತ್ತಿದ್ದಳು. ಆರು ಎಂಬ ಮಾತಿಗೆ ಆರು ಅರ್ಥ ಹುಡುಕಿ ಎನ್ನುತ್ತಿದ್ದಳು. ಅಂಕಿ ಆರು, ತಣ್ಣಗಾಗು, ಒಣಗು, ನಂದು, ವಾಸಿಯಾಗು, ಇಷ್ಟನ್ನು ಮಕ್ಕಳು ಹೇಗೋ ಕಲೆಹಾಕುತ್ತಿದ್ದರು. ಆರನೆಯದಕ್ಕೆ ತಿಣುಕುತ್ತಿದ್ದರು. ಆಗ ಅವಳೇ ಹೇಳುವಳು. ಆರು ಅಂದರೆ ಶಕ್ತನಾಗು, ನನ್ನಿಂದ ಆಗುತ್ತದೆ ಅನ್ನು. ಹಳಗನ್ನಡದಲ್ಲಿ ಅದರ ರಕಾರವೇ ಬೇರೆ, ಈಗ ಎರಡೂ ಒಂದೇ ಆಗಿ ಹೋಗಿವೆ. ಪಾಪ, ಆ ಅರ್ಥ ಈಗ 'ಇಲ್ಲ' ಅನ್ನುವಾಗ ಮಾತ್ರ ಬದುಕಿದೆ, ಬರಲಾರೆ, ಮಾಡಲಾರೆ, ಆರೆ. "ಆಗುತ್ತೆ ಅನ್ನೋದು ಸತ್ತುಹೋಗಿ ಆಗಲ್ಲ ಅನ್ನೋದು ಮಾತ್ರ ಉಳ್ಕೊಂಡಿರೋ ಪದ ಇದೊಂದೇ ಕಣ್ರೋ" ಎಂದು ಮಕ್ಕಳನ್ನು ನಗಿಸುತ್ತಿದ್ದಳಂತೆ. ಮನೆಗೆ ಬಂದು ನನಗೂ ಹೇಳಿ ನಗುತ್ತಿದ್ದಳು.

ಈಗ ನನ್ನ ಕೆಲಸದ ವಿಷಯ. ಅದರ ಹೆಸರು ಸುಪ್ರಾಮಾಲಿಕ್ಯುಲಾರ್ ಹೈಡ್ರೋಜೆಲ್. "ಹೆಸರು ಹೇಳೋ ಅಷ್ಟ್ರಲ್ಲಿ ಗಾಯ ವಾಸಿ ಆಗಿರುತ್ತೆ" ಎಂದಿದ್ದಳು ಅಕ್ಕ. ಸಾಮಾನ್ಯವಾಗಿ ಜೆಲ್ ಎಂದರೆ ಉದ್ದುದ್ದ ಸರಪಳಿಯಂಥ ಅಣುಗಳು ಗಟ್ಟಿಯಾಗಿ ಗಂಟುಬಿದ್ದು ಮಾಡಿಕೊಂಡ ಬಲೆ. ನಮ್ಮದು ಹಾಗಲ್ಲ. ನಮ್ಮವು ಪುಟಾಣಿ ಅಣುಗಳು, ಒಂದಕ್ಕೊಂದು ಮದುವೆಯಾದವಲ್ಲ, ಬರೀ ಕೈಹಿಡಿದು ನಿಂತವು. ಬಿಸಿನೀರಿನಲ್ಲಿ ಕರಗಿಸಿ ಸುಮ್ಮನೆ ಬಿಟ್ಟರೆ, ತಣ್ಣಗಾಗುತ್ತ ಅವು ತಾವಾಗಿಯೇ ಸಾಲುಗಟ್ಟಿ ಎಳೆಗಳಾಗುತ್ತವೆ. ಎಳೆಗಳು ಒಂದರೊಳಗೊಂದು ಸಿಕ್ಕಿಕೊಂಡು ಬಲೆಯಾಗುತ್ತವೆ, ಆ ಬಲೆಯಲ್ಲಿ ನೀರು ಸಿಕ್ಕಿಕೊಂಡು ನಿಂತುಬಿಡುತ್ತದೆ. ಹೆಚ್ಚೂಕಡಿಮೆ ಪೂರ್ತಿ ನೀರೇ, ಆದರೂ ಹರಿಯದು. ಜೋರಾಗಿ ಅಲ್ಲಾಡಿಸಿದರೆ ಹಿಡಿದ ಕೈಗಳು ಬಿಟ್ಟುಹೋಗಿ ನೀರಾಗುತ್ತದೆ. ಒಂದಷ್ಟು ಹೊತ್ತು ಬಿಟ್ಟರೆ ಮತ್ತೆ ಕೈ ಹಿಡಿಯುತ್ತವೆ. ಹಾಗಾಗಿ ಸಿರಿಂಜಿನಲ್ಲಿ ಎಳೆದು ಎಂಥ ಸೊಟ್ಟಪಟ್ಟ ಗಾಯಕ್ಕಾದರೂ ತುಂಬಬಹುದು, ಅಲ್ಲಿ ಹೋಗಿ ಗಟ್ಟಿಯಾಗುತ್ತದೆ. ಒಳಗೆ ಔಷಧ ಇಟ್ಟರೆ ನಿಧಾನವಾಗಿ ಬಿಡುತ್ತದೆ. ಗಾಯವನ್ನು ಒದ್ದೆಯಾಗಿ ಇಡುತ್ತದೆ. ಕೆಲಸ ಮುಗಿದ ಮೇಲೆ ತಾನೇ ಬಿಚ್ಚಿಕೊಂಡು ಹೋಗುತ್ತದೆ. ಹೀಗೆಲ್ಲ ಆಗಬಹುದು ಎಂದು ನಾವು ಬರೆಯುತ್ತಿದ್ದೆವು.

ನಾನು ಮಾಡಿದ ಅಣುವಿನ ಮೂಲ ಪಿತ್ತರಸದ ಆಮ್ಲ. ಅದು ಜೆಲ್ ಆದ ದಿನ ನನಗೆ ಇವತ್ತಿಗೂ ನೆನಪಿದೆ. ಲ್ಯಾಬಿನಲ್ಲಿ ದೊಡ್ಡ ದೊಡ್ಡ ಯಂತ್ರಗಳಿದ್ದರೂ ಜೆಲ್ ಆಯಿತೋ ಇಲ್ಲವೋ ಎಂಬ ಮೊದಲ ಪರೀಕ್ಷೆ ಬಹಳ ಸರಳ. ಸೀಸೆಯನ್ನು ತಲೆಕೆಳಗು ಮಾಡುವುದು. ಸುರಿಯದೆ ನಿಂತರೆ ಜೆಲ್. ಅವತ್ತು ಸೀಸೆ ತಿರುಗಿಸಿದೆ, ನಿಂತಿತು. ಖುಷಿಗೆ ಮತ್ತೊಮ್ಮೆ ತಿರುಗಿಸಿ ನೋಡಿದೆ. ಒಂದು ಚಿಕ್ಕ ಸೀಸೆಯನ್ನು ಬ್ಯಾಗಿನಲ್ಲಿಟ್ಟುಕೊಂಡು ಮನೆಗೆ ತಂದು ಅಕ್ಕನ ಮುಂದೆ ತಲೆಕೆಳಗು ಹಿಡಿದೆ.

ಅವಳು ಕನ್ನಡಕ ಏರಿಸಿ ನೋಡಿದಳು. "ಹೆಪ್ಪು ಯಾರ ಮನೇದು?" ಎಂದು ಕೇಳಿದಳು.

"ಹೆಪ್ಪು ಗಿಪ್ಪು ಇಲ್ಲ. ತಾನಾಗೇ ಆಗುತ್ತೆ."

"ನಾನೂ ದಿನಾ ಮೊಸರಿನ ಪಾತ್ರೆ ಓರೆ ಮಾಡಿ ನೋಡ್ತೀನಲ್ಲೇ. ನಂಗೂ ಡಾಕ್ಟರೇಟ್ ಕೊಡ್ತಾರಾ?" ಎಂದು ನಕ್ಕಳು. ಆಮೇಲೆ ಇದರಿಂದ ಏನು ಉಪಯೋಗ ಎಂದು ಕೇಳಿದಳು. ನಾನು ಅವಳ ಕಾಲಿನ ಕಡೆ ನೋಡಿ ಹೇಳಿದೆ. ಗಾಯದ ಅಂಚಿನಿಂದ ಹೊಸ ಚರ್ಮದ ಜೀವಕಣಗಳು ತೆವಳಿಕೊಂಡು ಬರಬೇಕು, ನೆಲ ಒಣಗಿ ಬಿರಿದಿದ್ದರೆ ಅವಕ್ಕೆ ದಾರಿಯಿಲ್ಲ, ತೇವ ಇದ್ದರೆ ಸಲೀಸಾಗಿ ಬರುತ್ತವೆ, ಅದಕ್ಕೇ ಇದು ಎಂದೆ. ಅಕ್ಕ ಪೂರ್ತಿ ಕೇಳಿಸಿಕೊಂಡಳು. ಕೇಳಿಸಿಕೊಂಡು, "ಎಲ್ಲಾ ಸರಿ. ಆದ್ರೆ ಗಾಯ ಆರಬೇಕು ಕಣೇ, ನೆನೀಬಾರ್ದು" ಎಂದಳು.

ಆ ಸೀಸೆಯನ್ನು ಅವಳು ವಾಪಸು ಕೊಡಲಿಲ್ಲ. ಅಡುಗೆಮನೆಯ ಕಿಟಕಿಯಲ್ಲಿ ತಲೆಕೆಳಗಾಗಿಯೇ ನಿಲ್ಲಿಸಿ, "ಎಂದಾದ್ರೂ ಬೀಳುತ್ತೋ ನೋಡೋಣ" ಎಂದಳು.

ತಿಂಗಳುಗಳು ಹೋದರೂ ಗಾಯ ಹಾಗೇ ಇತ್ತು. ನಮ್ಮ ಬೀದಿಯ ಡಾಕ್ಟರ ಪುಡಿ, ಎದುರುಮನೆಯ ಅಜ್ಜಿಯ ಅರಿಶಿನ, ಬಿಸಿಲು, ಬಿಸಿಲಿಲ್ಲದಾಗ ಟೇಬಲ್ ಫ್ಯಾನು, ಎಲ್ಲ ಆಯಿತು. ಮೇಲೆ ಒಣಗಿ ಚಕ್ಕೆ ಕಟ್ಟುವುದು, ವಠಾರವೆಲ್ಲ "ಆರ್ತಾ ಇದೆ" ಎಂದು ಸಂತೋಷ ಪಡುವುದು, ಚಕ್ಕೆಯ ಕೆಳಗೆ ಗಾಯ ಇನ್ನೊಂದಿಷ್ಟು ಆಳಕ್ಕೆ ಹೋಗಿರುವುದು. ಕೊನೆಗೆ ನಾನು ಜಗಳ ಮಾಡಿ ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ಬಸವನಗುಡಿಯ ಒಂದು ನರ್ಸಿಂಗ್ ಹೋಮಿನ ಸರ್ಜನ್ ಹತ್ತಿರ ಕರೆದುಕೊಂಡು ಹೋದೆ. ಒಳ್ಳೆಯ ಮನುಷ್ಯ. ಸತ್ತ ಚರ್ಮವನ್ನೆಲ್ಲ ಕೆರೆದು ತೆಗೆದು, ಗಾಯವನ್ನು ಸಲೈನಿನಲ್ಲಿ ನೆನೆಸಿದ ಗಾಜ್ ಬಟ್ಟೆಯಿಂದ ಸದಾ ಒದ್ದೆಯಾಗಿ ಇಡಬೇಕು, ಆ ಕಾಲಿನ ಮೇಲೆ ನಿಲ್ಲಲೇಬಾರದು ಎಂದರು. ಹೊರಡುವಾಗ ಧೈರ್ಯ ಹೇಳಿದರು, "ಹೀಗೆ ಮಾಡಿ, ಆರುತ್ತೆ."

ನಿಲ್ಲಬಾರದು ಎಂಬುದನ್ನು ಅಕ್ಕ ನರ್ಸಿಂಗ್ ಹೋಮಿನ ಮೆಟ್ಟಿಲಲ್ಲೇ ತಳ್ಳಿಹಾಕಿದಳು. "ಕೂತ್ಕೊಂಡು ಪದ್ಯ ಹೇಳೋಕಾಗುತ್ತಾ? ನಾನು ಕೂತ್ರೆ ಹಿಂದಿನ ಬೆಂಚು ಮಲಗುತ್ತೆ." ಒದ್ದೆ ಪಟ್ಟಿಯನ್ನಂತೂ ಒಪ್ಪಿಕೊಂಡಳು ಎಂದುಕೊಂಡೆ. ಬೆಳಗ್ಗೆ ನಾನೇ ಕಟ್ಟಿ ಲ್ಯಾಬಿಗೆ ಹೋಗುತ್ತಿದ್ದೆ, ಸಂಜೆ ಬಂದಾಗ ಪಟ್ಟಿ ಕಟ್ಟಿದ ಹಾಗೇ ಇರುತ್ತಿತ್ತು, ಒದ್ದೆಯಾಗಿಯೂ ಇರುತ್ತಿತ್ತು.

ಒಂದು ದಿನ ಲ್ಯಾಬಿನಲ್ಲಿ ಕರೆಂಟು ಹೋಗಿ ಬೇಗ ಬಂದೆ. ಅಕ್ಕನ ಸ್ಕೂಲಿಗೆ ಬೇಸಿಗೆ ರಜ. ವಠಾರದ ಬಾಗಿಲು ದಾಟಿದ ಕೂಡಲೆ ತಂತಿಯ ಮೇಲೆ ನನ್ನ ಚೂಡಿದಾರದ ಪಕ್ಕದಲ್ಲಿ ಕ್ಲಿಪ್ಪು ಹಾಕಿ ಸಾಲಾಗಿ ಏನೋ ಬಿಳಿಯದು. ಗಾಜ್ ಬಟ್ಟೆ. ಆರಹಾಕಿದ್ದಳು. ಅದರ ಕೆಳಗೆ ಜಗಲಿಯಲ್ಲಿ ಸ್ಟೂಲು, ಸ್ಟೂಲಿನ ಮೇಲೆ ಕಾಲು. ನಾನು ಬರುವ ಹೊತ್ತಿಗೆ ಸರಿಯಾಗಿ ಪಟ್ಟಿಯನ್ನು ಮತ್ತೆ ನೆನೆಸಿ ಕಟ್ಟಿಕೊಳ್ಳುತ್ತಿದ್ದಳು ಎಂದು ಆಗ ತಿಳಿಯಿತು.

"ಯಾಕೆ ಬಿಚ್ಚಿದೆ?" ಎಂದೆ. ನನ್ನ ದನಿ ಬೀದಿಗೆ ಕೇಳಿಸಿರಬೇಕು.

"ಕೂಗ್ಬೇಡ. ದಿನವೆಲ್ಲ ಒದ್ದೆ ಸುತ್ಕೊಂಡಿದ್ರೆ ಗಾಯ ಹೇಗೇ ಆರುತ್ತೆ?"

"ಸರ್ಜನ್ ಏನಂದ್ರು ನಿಂಗೆ?"

"ಕೊನೇಲಿ ಏನಂದ್ರು, ನೀನೇ ಹೇಳು. ಆರುತ್ತೆ ಅಂದ್ರು ತಾನೆ? ಆರುತ್ತೆ ಅಂದ್ರೆ ಏನು?"

"ವಾಸಿ ಆಗುತ್ತೆ ಅಂತ, ಅಕ್ಕಾ."

"ಆರಿದ್ಮೇಲೆ ತಾನೆ ವಾಸಿ ಆಗೋದು," ಎಂದಳು ಅವಳು, ದಡ್ಡ ವಿದ್ಯಾರ್ಥಿಗೆ ಸಂಧಿ ಬಿಡಿಸಿ ಹೇಳುವ ತಾಳ್ಮೆಯಿಂದ.

ನಾನು ಜಗಲಿಯ ಮೇಲೆ ಕೂತು ಅತ್ತೆ. ಸಿಟ್ಟಿಗೆ ಅತ್ತೆ. ಏಳನೆಯ ಕ್ಲಾಸಿಗೆ ಅರ್ಥವ್ಯತ್ಯಾಸ ಹೇಳಿಕೊಡುವ ಹೆಂಗಸು, ಒಂದು ಮಾತಿಗೆ ಆರು ಅರ್ಥ ಇದೆ ಎಂದು ಊರಿಗೆಲ್ಲ ಸಾರುವವಳು, ತನ್ನ ಕಾಲಿನ ವಿಷಯ ಬಂದಾಗ ಎರಡು ಅರ್ಥವನ್ನು ಒಂದೇ ಮಾಡಿಕೊಂಡು ಕೂತಿದ್ದಾಳಲ್ಲ ಎಂದು ಅತ್ತೆ. ಭಾಷೆಯ ಮೇಲೂ ಸಿಟ್ಟು ಬಂತು. ನಮ್ಮ ಹಿರಿಯರು ಎಷ್ಟು ಗಾಯ ನೋಡಿ, ಎಷ್ಟು ಒಣಗಿಸಿ, ಈ ಮಾತು ಮಾಡಿದರೋ. ಅದನ್ನು ಅವಳ ಬಾಯಿಂದ ಕಿತ್ತು ಹಾಕುವುದು ನನ್ನಿಂದ ಹೇಗಾದೀತು?

ಸರ್ಜನ್ ಹೊರದೇಶದ ಒಂದು ಜೆಲ್ ಟ್ಯೂಬು ತರಿಸಿ ಕೊಟ್ಟರು. ಅದನ್ನು ಹಚ್ಚಿದ ಮಾರನೆಯ ದಿನವೇ ತೊಳೆದು ತೆಗೆದಳು. "ಲೋಳೆಸರ ಹಚ್ಚಿದ ಹಾಗಿದೆ, ಜಿಗಟು ಜಿಗಟು" ಎಂದಳು. ನಾನು ಮಾತು ಬಿಟ್ಟೆ. ಎರಡು ದಿನ ಒಂದೇ ಮನೆಯಲ್ಲಿ ಮೂಕರ ಹಾಗೆ ಓಡಾಡಿದೆವು. ಆಮೇಲೆ ಅವಳೇ ಬಂದು ನನ್ನ ತಟ್ಟೆಗೆ ತಿಳಿಸಾರು ಬಡಿಸುತ್ತ ಹೇಳಿದಳು, "ನಿನ್ನ ಜೆಲ್ ಬರಲಿ. ಅದನ್ನ ಹಾಕ್ಕೋತೀನಿ. ಬಿಸಿಲಿಗೆ ಇಡಲ್ಲ, ಫ್ಯಾನ್ ಹಾಕಲ್ಲ. ನಮ್ಮನೇದೇ ಒದ್ದೆ ಆದ್ರೆ ನಂಗೆ ಪರವಾಗಿಲ್ಲ."

"ಅದು ಹಾಗೆಲ್ಲ ಹಾಕೋ ಹಾಗಿಲ್ಲ ಅಕ್ಕಾ. ಮೊದ್ಲು ಕಣಗಳ ಮೇಲೆ ನೋಡ್ಬೇಕು, ಆಮೇಲೆ ಇಲಿ, ಆಮೇಲೆ ಪರ್ಮಿಶನ್ನು. ವರ್ಷಗಟ್ಲೆ ಆಗುತ್ತೆ."

"ಆಗ್ಲಿ. ಈ ಕಾಲಿಟ್ಕೊಂಡು ನಾನೆಲ್ಲಿ ಹೋಗ್ತೀನಿ," ಎಂದಳು.

ಇಡೀ ಊರಿನಲ್ಲಿ ಅವಳು ಒಪ್ಪುವ ಒದ್ದೆ ನನ್ನದೊಂದೇ. ಅವಳ ಕಾಲು ಉಳಿಯಬೇಕಾದರೆ ನನ್ನ ಸೀಸೆಯಲ್ಲಿದ್ದದ್ದು ಔಷಧವಾಗಬೇಕಿತ್ತು. ಅಸಾಧ್ಯ ಎಂದು ಬುದ್ಧಿಗೆ ಗೊತ್ತಿತ್ತು. ಆದರೂ ಬಸ್ಸಿನಲ್ಲಿ ಮೆಜೆಸ್ಟಿಕ್ ದಾಟುವಾಗಲೆಲ್ಲ ಲೆಕ್ಕ ಹಾಕುತ್ತಿದ್ದೆ, ಇಂತಿಷ್ಟು ತಿಂಗಳು ಕಣಗಳಿಗೆ, ಇಂತಿಷ್ಟು ಇಲಿಗಳಿಗೆ, ಅಷ್ಟರವರೆಗೆ ಕಾಲು ತಡೆದುಕೊಂಡರೆ ಎಂದು. ಆಸೆ ಎಂಬುದು ಹಾಗೆ ನಾಚಿಕೆಯಿಲ್ಲದ್ದು.

ನನ್ನ ಜೆಲ್ಲನ್ನು ಚರ್ಮದ ಕಣಗಳ ಮೇಲೆ ಪರೀಕ್ಷೆ ಮಾಡಲು ಒಪ್ಪಿದ್ದು ಬೇರೊಂದು ಲ್ಯಾಬಿನಲ್ಲಿ ಜೀವಶಾಸ್ತ್ರದ ಸಂಶೋಧನೆ ಮಾಡುತ್ತಿದ್ದ ಗೆಳತಿ. ಅಕ್ಕನ ಕಾಲಿನ ವಿಷಯ ಅವಳಿಗೆ ಗೊತ್ತಿತ್ತು. ಫಲಿತಾಂಶ ಬಂದ ದಿನ ಅವಳು ಫೋನಿನಲ್ಲಿ ಹೇಳಲಿಲ್ಲ, ಬಾ ಎಂದಳು. ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. ಒಂದು ಕಡೆ, ಏನೂ ಹಾಕದ ತಟ್ಟೆಯಲ್ಲಿ, ಕಣಗಳು ಕಾಲು ಚಾಚಿ ನೆಲಕ್ಕೆ ಅಂಟಿಕೊಂಡು ಬೆಳೆದಿದ್ದವು. ನನ್ನ ಜೆಲ್ ತಗುಲಿದ ತಟ್ಟೆಯಲ್ಲಿ ಎಲ್ಲವೂ ಉಂಡೆಯಾಗಿ ಕಿತ್ತುಕೊಂಡು ನೀರಿನಲ್ಲಿ ತೇಲುತ್ತಿದ್ದವು.

"ಎಲ್ಲಾ ಸತ್ತೋಗಿದಾವೆ ಕಣೇ," ಎಂದಳು ಗೆಳತಿ. "ಎರಡು ಸಲ ಮಾಡಿ ನೋಡ್ದೆ. ಬೇಜಾರು ಮಾಡ್ಕೋಬೇಡ."

ಕಾರಣ ಹುಡುಕಬೇಕಾಗಿಯೇ ಇರಲಿಲ್ಲ. ಹೊಟ್ಟೆಯಲ್ಲಿ ಪಿತ್ತದ ಕೆಲಸ ಜಿಡ್ಡು ಕರಗಿಸುವುದು. ಪಾತ್ರೆ ತೊಳೆಯುವ ಸೋಪಿನ ಹಾಗೆ. ಜೀವಕಣದ ಹೊದಿಕೆ ಎಂದರೆ ಒಂದು ತೆಳ್ಳನೆಯ ಜಿಡ್ಡಿನ ಪೊರೆ. ನಾನು ಆ ಅಣುವಿಗೆ ಬಾಲ ಕಟ್ಟಿ, ಕೊಂಬು ಕಟ್ಟಿ, ನೀರು ಹಿಡಿಯುವುದನ್ನು ಕಲಿಸಿದ್ದೆ. ಜಿಡ್ಡು ಕರಗಿಸುವುದನ್ನು ಅದು ಮರೆತಿರಲಿಲ್ಲ. ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಅವಳು, "ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ಹಾಗೆ" ಎಂದಳು. ನನ್ನ ತಲೆ ಸವರಿದಳು. ನನಗೆ ಅವಳ ಸಮಾಧಾನ ಬೇಡವಾಗಿತ್ತು, ಅವಳ ಕಾಲು ಬೇಕಾಗಿತ್ತು.

ನನ್ನ ಗೈಡ್ ಕೆಟ್ಟವರಲ್ಲ. "ಅಣುವನ್ನ ಸ್ವಲ್ಪ ಬದಲಾಯಿಸೋಣಮ್ಮ. ಒಂದೆರಡು ವರ್ಷದಲ್ಲಿ ವಿಷ ಕಡಿಮೆ ಇರೋದು ಸಿಗುತ್ತೆ," ಎಂದರು. ಅವರು ಹೇಳಿದ್ದು ನಿಜ, ಸಂಶೋಧನೆಯ ಕಾಲಮಾನದಲ್ಲಿ ಒಂದೆರಡು ವರ್ಷ ಎಂದರೆ ನಾಳೆ ಬೆಳಗ್ಗೆ. ಆ ವೇಳೆಗೆ ನನ್ನ ಮೊದಲ ಪ್ರಬಂಧ ಅಚ್ಚಾಗಿ ಬಂದಿತ್ತು. ಜೆಲ್ ಕಟ್ಟುವ ಬಗೆಯನ್ನಷ್ಟೇ ಹೇಳುವ ಪ್ರಬಂಧ. ಆದರೂ ಕೊನೆಯಲ್ಲಿ, ನಮ್ಮ ಕ್ಷೇತ್ರದ ಎಲ್ಲ ಪ್ರಬಂಧಗಳ ಕೊನೆಯಲ್ಲೂ ಇರುವ ವಾಕ್ಯ ಇತ್ತು. ಈ ವಸ್ತುವಿಗೆ ವೈದ್ಯಕೀಯದಲ್ಲಿ ಬಳಕೆಯಾಗುವ ಸಾಧ್ಯತೆ ಇದೆ. ಅಕ್ಕ ನನ್ನಿಂದ ಅದನ್ನು ಕನ್ನಡದಲ್ಲಿ ಹೇಳಿಸಿ ಕೇಳಿದ್ದಳು. "ಸಾಧ್ಯತೆ ಇದೆ ಅಂದ್ರೆ ಏನೇ? ಇದೆಯೋ, ಇಲ್ವೋ?" ಎಂದಿದ್ದಳು. ಈಗ ನಾನು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಹುಡುಗಿಯರು ಪ್ರಾಜೆಕ್ಟು ಬರೆದು ತಂದಾಗ ಆ ವಾಕ್ಯ ಇದ್ದರೆ ಹೊಡೆದು ಹಾಕುತ್ತೇನೆ. ನನಗೆ ತಲೆ ಕೆಟ್ಟಿದೆ ಎಂದುಕೊಳ್ಳುತ್ತಾರೆ, ಅಂದುಕೊಳ್ಳಲಿ.

ದಸರಾ ರಜ ಕಳೆದ ಮೇಲೆ ಅಕ್ಕನ ಕಿರುಬೆರಳು ಕಪ್ಪಾಯಿತು, ಆಮೇಲೆ ಪಕ್ಕದ್ದು. ನೋವಿಲ್ಲ. ನೋವಿಲ್ಲದಿರುವುದೇ ಅವಳ ಕಾಯಿಲೆ. ಸರ್ಜನ್ ಪಾದದ ಮೇಲೆ, ಹಿಮ್ಮಡಿಯ ಹತ್ತಿರ, ಮೊಣಕಾಲಿನ ಹಿಂದೆ ಬೆರಳೊತ್ತಿ ನಾಡಿ ಹುಡುಕಿದರು. ಬಹಳ ಹೊತ್ತು ಹುಡುಕಿದರು.

"ಕೆಳಗೆ ರಕ್ತನೇ ಇಳೀತಿಲ್ಲಮ್ಮ," ಎಂದರು. "ಇನ್ಮೇಲೆ ಒದ್ದೆ ಪಟ್ಟಿ ಬೇಡ. ಕಪ್ಪಾಗಿರೋದು ಒಣಗಲಿ. ಈಗ ಎಷ್ಟು ಒಣಗಿದ್ರೆ ಅಷ್ಟು ಒಳ್ಳೇದು, ಒದ್ದೆಯಾದ್ರೆ ಕೀವಾಗಿ ಮೇಲಕ್ಕೆ ಹತ್ತುತ್ತೆ. ಆಮೇಲೆ ಎಲ್ಲಿ ತನಕ ತೆಗೀಬೇಕು ನೋಡೋಣ."

ಅಕ್ಕ ನನ್ನ ಕಡೆ ತಿರುಗಿದಳು. ಆ ಮುಖವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ನಗುತ್ತಿದ್ದಳು. ವಾದದಲ್ಲಿ ಗೆದ್ದ ನಗು. "ನೋಡ್ದ್ಯಾ?" ಎಂದಳು. "ನಾನು ಮೊದ್ಲಿಂದ ಹೇಳಿದ್ದು ಏನು?"

ಅವಳನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ನಾನೊಬ್ಬಳೇ ಮತ್ತೆ ಒಳಗೆ ಹೋದೆ. ಮೊದಲಿನಿಂದಲೂ ಒದ್ದೆಯಾಗಿ ಇಟ್ಟಿದ್ದರೆ ಕಾಲು ಉಳಿಯುತ್ತಿತ್ತೇ ಎಂದು ಕೇಳಿದೆ. ಹೌದು ಎನ್ನಲಿ ಎಂದು ನನಗೆ ಆಸೆಯಿತ್ತು. ಹೌದು ಎಂದಿದ್ದರೆ ತಪ್ಪು ಆ ಮಾತಿನದಾಗುತ್ತಿತ್ತು, ಅಥವಾ ಅವಳ ಹಟದ್ದು, ಬಯ್ಯಲು ಏನಾದರೂ ಒಂದು ಇರುತ್ತಿತ್ತು.

"ಹೇಳೋಕಾಗಲ್ಲಮ್ಮ," ಎಂದರು ಸರ್ಜನ್. "ರಕ್ತ ಹೋಗದ ಕಡೆ ಒದ್ದೆನೂ ಅಷ್ಟೆ, ಒಣನೂ ಅಷ್ಟೆ. ನೀವು ಏನೇ ಹಾಕಿದ್ರೂ ಬಹುಶಃ ಇಲ್ಲಿಗೇ ಬರ್ತಿತ್ತು."

ಏನೇ ಹಾಕಿದ್ದರೂ. ಅಂದರೆ ನನ್ನ ಜೆಲ್ ಒಂದು ಕಣವನ್ನೂ ಕೊಲ್ಲದೆ, ಇಲಿಗಳನ್ನೆಲ್ಲ ಗುಣಪಡಿಸಿ, ಪರ್ಮಿಶನ್ನು ಸಿಕ್ಕಿ, ನಾನೇ ನನ್ನ ಕೈಯಾರೆ ಅವಳ ಅಂಗಾಲಿಗೆ ತುಂಬಿದ್ದರೂ. ಬಾಗಿಲಲ್ಲಿ ನಿಂತೆ. ಅಷ್ಟು ದಿನದ ಜಗಳ, ಅಷ್ಟು ಸಿಟ್ಟು, ಅಷ್ಟು ಆಸೆ, ಎಲ್ಲವೂ ಯಾವುದಕ್ಕೂ ಸಂಬಂಧವಿಲ್ಲದ ವಿಷಯಗಳಾಗಿ ಹೋದವು. ಹೊರಗೆ ಅಕ್ಕ ಪಕ್ಕದವರಿಗೆ ಏನೋ ಹೇಳಿ ನಗಿಸುತ್ತಿದ್ದಳು.

ಮೊಣಕಾಲಿನ ಕೆಳಗೆ ತೆಗೆದರು. ಆ ಹೊಲಿಗೆ ಎಷ್ಟು ಚೆನ್ನಾಗಿ, ಎಷ್ಟು ಬೇಗ ವಾಸಿಯಾಯಿತು ಎಂದರೆ ಸರ್ಜನ್ ತಮ್ಮ ಕೈಕೆಳಗಿನವರನ್ನು ಕರೆದು ತೋರಿಸಿದರು. ಅಕ್ಕ ಸ್ಕೂಲಿಗೆ ಮತ್ತೆ ಹೋಗಲಿಲ್ಲ. ಕೂತು ಪಾಠ ಮಾಡಿ ಎಂದು ಹೆಡ್‌ಮಾಸ್ಟರು ಹೇಳಿ ಕಳಿಸಿದರು. ಅವಳು ಬೇಡ ಎಂದಳು. ಎಡಗಾಲಿನ ಚಪ್ಪಲಿಯನ್ನು ಬಾಗಿಲ ಹಿಂದೆ ಇಟ್ಟುಕೊಂಡಿದ್ದಳು, ಬಲ ಚಪ್ಪಲಿಯನ್ನು ನನಗೆ ಹೇಳದೆ ಯಾರ ಕೈಯಲ್ಲೋ ಎಸೆಸಿಬಿಟ್ಟಳು. ಅವಳ ದನಿ ಮೆತ್ತಗಾಯಿತು. ಮೊದಲು ಅವಳು ನಲ್ಲಿಕಟ್ಟೆಯಲ್ಲಿ ಮಾತಾಡಿದರೆ ಬೀದಿಗೆ ಕೇಳುತ್ತಿತ್ತು. ಸಂಜೆ ನಾನು ಬಂದಾಗ ಜೆಲ್ಲಿನ ಸುದ್ದಿ ಕೇಳುವುದನ್ನು ನಿಲ್ಲಿಸಿದಳು. ಕಿಟಕಿಯಲ್ಲಿ ಆ ಸೀಸೆ ಮಾತ್ರ ತಲೆಕೆಳಗಾಗಿ ನಿಂತೇ ಇತ್ತು, ಬೀಳಲಿಲ್ಲ. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ. ಒಂದು ದಿನ ಎತ್ತಿ ಡಬ್ಬಗಳ ಹಿಂದೆ ಇಟ್ಟೆ.

ಮರುವರ್ಷ ಮಳೆಗಾಲದ ಕೊನೆಗೆ ಎಡಗಾಲಿನ ಹೆಬ್ಬೆರಳು ಕಪ್ಪಾಯಿತು. ಈ ಸಲ ಮೊಳೆಯೂ ಇಲ್ಲ, ಗಾಯವೂ ಇಲ್ಲ. ಅದೇ ಸರ್ಜನ್, ಅದೇ ಕೋಣೆ. ಅವರು ನಾಡಿ ಹುಡುಕಿ, ಕೈ ತೊಳೆದುಕೊಂಡು ಬಂದು, ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡು ಕೂತು, ಇದನ್ನೂ ತೆಗೆಯಬೇಕಾಗುತ್ತದೆ, ಬೇಗ ತೆಗೆದರೆ ಜೀವಕ್ಕೆ ಒಳ್ಳೆಯದು ಎಂದು ಮೆಲ್ಲಗೆ ಹೇಳಿದರು.

ಅಕ್ಕ ತನ್ನ ಸೆರಗನ್ನು ಸರಿಮಾಡಿಕೊಂಡಳು. "ಇನ್ನು ಆರೆ, ಡಾಕ್ಟ್ರೇ," ಎಂದಳು.

ಸರ್ಜನ್ ಕನ್ನಡದವರೇ. ಆದರೆ ಹಾಗೆ ಈಗ ಯಾರು ಮಾತಾಡುತ್ತಾರೆ? ಅವರು ಮುಂದಕ್ಕೆ ಬಾಗಿ ಅವಳ ಕೈ ಹಿಡಿದುಕೊಂಡರು. "ಆರುತ್ತಾ ಅಂತ ಕೇಳ್ತಿದೀರಾ? ಆರುತ್ತಮ್ಮ. ಹೋದ ಸಲ ಎಷ್ಟು ಚೆನ್ನಾಗಿ ಆರ್ತು ನೋಡಿ. ಇದೂ ಆರುತ್ತೆ."

ಅಕ್ಕ ನನ್ನನ್ನು ನೋಡಿದಳು. ನಾನು ಅವಳನ್ನು ನೋಡಿದೆ. ಆ ಕೋಣೆಯಲ್ಲಿ ಅವಳು ಹೇಳಿದ್ದು ಅರ್ಥವಾದದ್ದು ನನಗೊಬ್ಬಳಿಗೇ. ಸರ್ಜನ್‌ಗೆ ಬಿಡಿಸಿ ಹೇಳಬೇಕಾದ ಕೆಲಸ ನನ್ನದಾಯಿತು. ಇನ್ನು ತನ್ನಿಂದ ಆಗದು ಅನ್ನುತ್ತಿದ್ದಾಳೆ, ಈ ಕಾಲು ತೆಗೆಸಿಕೊಳ್ಳುವುದಿಲ್ಲವಂತೆ ಎಂದು ನಾನು ಹೇಳಿದೆ. ಅವರು ಒತ್ತಾಯ ಮಾಡಿದರು, ನಾನೂ ಒತ್ತಾಯ ಮಾಡಿದೆ, ಮನೆಗೆ ಬಂದು ಕಾಲು ಹಿಡಿದುಕೊಂಡು ಬೇಡಿದೆ. ಅವಳು ಬೇಡವೆಂದು ತಲೆ ಅಲ್ಲಾಡಿಸಿದಳು, ಅಷ್ಟೆ.

ಮಾರನೆಯ ಬೆಳಗ್ಗೆ ನಾನು ಲ್ಯಾಬಿಗೆ ಹೋಗಲಿಲ್ಲ. ಬಿಸಿಲು ನಲ್ಲಿಕಟ್ಟೆಗೆ ಬಂತು, ತಂತಿಗೆ ಬಂತು. ಅವಳು ಒಳಗೆ ಚಾಪೆಯ ಮೇಲೆ ಗೋಡೆಗೆ ಒರಗಿ ಬಾಗಿಲ ಕಡೆ ನೋಡುತ್ತಿದ್ದಳು. ಹೊರಗೆ ಕೂರಿಸು ಎಂದು ಕೇಳಲಿಲ್ಲ. ನಾನೇ ಅವಳನ್ನು ಎತ್ತಿ ತಂದು ಜಗಲಿಯಲ್ಲಿ ಕೂರಿಸಿದೆ, ಸ್ಟೂಲು ಎಳೆದೆ, ಎಡಗಾಲನ್ನು ಅದರ ಮೇಲಿಟ್ಟು, ಸರ್ಜನ್ ಕಟ್ಟಿ ಕಳಿಸಿದ್ದ ಪಟ್ಟಿ ಬಿಚ್ಚಿದೆ. ಬಿಸಿಲು ಹೆಬ್ಬೆರಳಿಗೆ ಇನ್ನೂ ತಲುಪಿರಲಿಲ್ಲ, ಸ್ಟೂಲನ್ನು ಸ್ವಲ್ಪ ಮುಂದಕ್ಕೆ ಸರಿಸಿದೆ.